ಗ್ರಹಚಾರವೋ, ಮಡಚದ ಸ್ಟ್ಯಾಂಡೋ

“ರೀ, ಸ್ಟ್ಯಾಂಡ್ ಎತ್ತಿ!” ಎಂದು ಆಟೋದವರೊಬ್ಬರು ಕೂಗಿದ ಮರುಕ್ಷಣವೇ, ಹಲಸೂರಿನ ಎಡ ತಿರುವಿನಲ್ಲಿ ಎಂಜಿನಿಯರ್ ಗೆಳೆಯ ರಮೇಶನ ಬೈಕು ನಮ್ಮಿಬ್ಬರನ್ನೂ ರಸ್ತೆಗೆ ಎಸೆಯಿತು. ಅವನು ಮಡಚದೆ ಬಿಟ್ಟ ಸೈಡ್ ಸ್ಟ್ಯಾಂಡ್ ನೆಲಕ್ಕೆ ಸಿಕ್ಕಿಕೊಂಡಿತ್ತು. ತೊಂಬತ್ತರ ದಶಕದ ಕೊನೆಯ ಮಾತು. ಯಾರೂ ಕೂಗಲೇ ಇಲ್ಲ ಎಂದು ಅವನು ಇಂದಿಗೂ ಸಾಧಿಸುತ್ತಾನೆ. ಆ ದನಿಯನ್ನು ಆಮೇಲೆ ನಾನೇ ಕಟ್ಟಿಕೊಂಡೆನೋ ಏನೋ, ಆಣೆ ಮಾಡಿ ಹೇಳಲಾರೆ. ಆದರೆ ಟಾರಿನ ಮೇಲೆ ಸ್ಟ್ಯಾಂಡ್ ಕೊರೆದ ಗೆರೆಯನ್ನು ಇಬ್ಬರೂ ಬಗ್ಗಿ ನೋಡಿದ್ದೆವು.

“ಗ್ರಹಚಾರ ಗುರು, ಆಗೋದು ಆಗೇ ಆಗತ್ತೆ,” ಎಂದರು ನಮ್ಮ ಎಂಜಿನಿಯರ್ ಸಾಹೇಬರು, ಮಂಡಿಯ ರಕ್ತ ಒರೆಸಿಕೊಳ್ಳುತ್ತಾ.

ಮುಂದಿನ ವಾರ ದೇವಸ್ಥಾನದ ಮುಂದೆ ಬೈಕಿಗೆ ಪೂಜೆ ನಡೆಯಿತು. ಹ್ಯಾಂಡಲ್ಲಿಗೆ ಹಾರ, ಚಕ್ರದಡಿ ನಿಂಬೆಹಣ್ಣು. ಮಂಗಳಾರತಿ ಮುಗಿದದ್ದೇ ರಮೇಶ ತನ್ನ ಪುಟ್ಟ ಮಗಳನ್ನು ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೊರಟ. ಸ್ಟ್ಯಾಂಡ್ ಮತ್ತೆ ಹಾಗೆಯೇ ಇಳಿಬಿದ್ದಿತ್ತು.

“ಲೋ, ಸ್ಟ್ಯಾಂಡ್!” ಎಂದು ಕಿರುಚಿದೆ.

ಬ್ರೇಕ್ ಹಾಕಿ ಕೆಂಗಣ್ಣು ಬಿಟ್ಟ. “ಹೊರಡೋವಾಗ ಹಿಂದಿನಿಂದ ಕೂಗ್ತಾರೇನೋ? ಅಪಶಕುನ!”

ಸ್ಟ್ಯಾಂಡನ್ನು ನಾನೇ ಒದ್ದು ಮಡಚಿದೆ. ಮಗು ಕ್ಷೇಮವಾಗಿ ಮನೆ ಸೇರಿತು. ಅದರ ಶ್ರೇಯವೆಲ್ಲ ನಿಂಬೆಹಣ್ಣಿಗೆ ಹೋಯಿತು. ಅಪಶಕುನದ ಬಾಯಿ ಎಂಬ ಹೆಸರು ಮಾತ್ರ ಆ ಮನೆಯಲ್ಲಿ ನನಗೆ ಇಂದಿಗೂ ಉಳಿದಿದೆ.