ಎರಡು ಬದಿಗೆ ಉಕ್ಕಿದ ನಕ್ಷತ್ರ

ಇವತ್ತು ಬೆಳಿಗ್ಗೆ ಹಲಸಿನ ಕಡುಬಿನ ಪಾತ್ರೆಯ ಮುಚ್ಚಳ ತೆಗೆದವಳು ಹಾಗೇ ನಿಂತುಬಿಟ್ಟೆ. ಬೆಂದ ಬಾಳೆಲೆ, ಹಣ್ಣು, ಬೆಲ್ಲ ಎಲ್ಲ ಸೇರಿದ ಆ ವಾಸನೆಗೆ ಎಂಥವರಿಗೂ ಹಸಿವಾಗಬೇಕು. ನನಗಾದದ್ದು ಗಾಬರಿ. ಎಲೆಯ ಎರಡೂ ತುದಿ ಮಡಚಿ ಕಟ್ಟುವುದು ಬಿಟ್ಟು, ಅವಸರದಲ್ಲಿ ನಡುವಿಗೊಂದೇ ಬಾಳೆನಾರು ಬಿಗಿದಿದ್ದೆ. ಹಿಟ್ಟು ಆಚೆಗೊಂದಿಷ್ಟು, ಈಚೆಗೊಂದಿಷ್ಟು ಉಕ್ಕಿ ಹೊರಬಂದಿತ್ತು. ನಾಲ್ಕು ದಿನದಿಂದ ತಲೆ ತಿನ್ನುತ್ತಿದ್ದ ಚಿತ್ರ ಸಾಕ್ಷಾತ್ ನನ್ನ ಒಲೆಯ ಮೇಲೆ!

ಆ ಚಿತ್ರ ಪೇಪರಿನಲ್ಲಿ ಬಂದದ್ದು. ಸಾಯುತ್ತಿರುವ ನಕ್ಷತ್ರದ ಫೋಟೋ. ಮೈಯೊಳಗಿನ ಅನಿಲವನ್ನು ಎರಡೇ ಬದಿಗೆ ಉಗುಳುತ್ತಿತ್ತು, ಥೇಟ್ ಚಿಟ್ಟೆಯ ರೆಕ್ಕೆ. ನಾನೋ, ಶಿರಸಿ ಸೀಮೆಯಲ್ಲಿ ಮೂವತ್ತು ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದ ಅಕ್ಕೋರು. ನಮ್ಮ ಕಡೆ ಟೀಚರಮ್ಮನನ್ನು ಹಾಗೇ ಕರೆಯುವುದು. ಮುದಿ ನಕ್ಷತ್ರ ಉಬ್ಬುತ್ತದೆ, ಹೊರಪದರವನ್ನು ಸುತ್ತಲೂ ಸಮನಾಗಿ ಕಳಚುತ್ತದೆ ಎಂದು ಬೋರ್ಡಿನ ಮೇಲೆ ವೃತ್ತದ ಹೊರಗೊಂದು ವೃತ್ತ ಎಳೆದೇ ಎಳೆದೆ. ನನ್ನ ವೃತ್ತ ಎಷ್ಟು ದುಂಡಗೆ ಬರುತ್ತಿತ್ತೆಂದರೆ, ಅದು ತಪ್ಪಿರಬಹುದೆಂಬ ಅನುಮಾನವೇ ನನಗೆ ಬರಲಿಲ್ಲ.

ಒಂಬತ್ತನೇ ತರಗತಿಯ ನಾಗವೇಣಿ ಮಾತ್ರ ಬೇರೆ ಬರೆದು ತಂದಿದ್ದಳು. ಭಿತ್ತಿಪತ್ರಿಕೆಗೆಂದು ಚಿತ್ರ ಕೇಳಿದ್ದೆ. ಅವಳ ಹಾಳೆಯ ನಡುವೆ ಹಳದಿ ಚುಕ್ಕಿ, ಅದರ ಎರಡೂ ಬದಿಗೆ ನೀಲಿ ರೆಕ್ಕೆ. ನಾನು ಅದನ್ನು ಎತ್ತಿಹಿಡಿದು, "ಇದೆಂತದೇ? ನಕ್ಷತ್ರ ಸಾಯ್ತಾ ಇದ್ದೋ, ಚಿಟ್ಟೆಯಾಗಿ ಹಾರಿ ಹೋಗ್ತಾ ಇದ್ದೋ?" ಎಂದೆ. ತರಗತಿಗೆ ತರಗತಿಯೇ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಅವಳು ಹಾಳೆಯನ್ನು ನಾಲ್ಕಾಗಿ ಮಡಚಿ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಹತ್ತನೇ ತರಗತಿ ಮುಗಿಯುವವರೆಗೂ ನನ್ನ ಪಾಠದಲ್ಲಿ ಕೈ ಎತ್ತಲಿಲ್ಲ. ಹುಡುಗಿ ಗಂಭೀರಳಾದಳು ಎಂದು ನಾನು ಸಂತೋಷಪಟ್ಟಿದ್ದೆ, ಎಂಥ ಮಂಕುತನ ನೋಡಿ!

ಪೇಪರನ್ನು ನಾಲ್ಕು ಸಲ ಓದಿದೆ. ಪಕ್ಕದಲ್ಲಿ ಜೊತೆಗಾರ ನಕ್ಷತ್ರವೊಂದು ಸುತ್ತುತ್ತಿದ್ದರೆ, ಸಾಯುವ ನಕ್ಷತ್ರದ ಸೊಂಟದ ಸುತ್ತ ಧೂಳಿನ ಪಟ್ಟಿ ಕಟ್ಟಿಕೊಳ್ಳಬಹುದು, ಆಮೇಲೆ ಹೊರಬರುವ ಅನಿಲಕ್ಕೆ ಎರಡೇ ದಾರಿ ಉಳಿಯಬಹುದು ಎಂದಿತ್ತು. ಎಲ್ಲದರಲ್ಲೂ 'ಬಹುದು'. ಮತ್ತೆ ಕೆಲವು ದುಂಡಗೇ ಇರುತ್ತವಂತೆ. ಹಾಗಾದರೆ ನಾನು ಕಲಿಸಿದ್ದು ಸುಳ್ಳೋ, ಅರ್ಧ ನಿಜವೋ? ಏನೂ ತಿಳಿಯಲಿಲ್ಲ. ತಿಳಿದದ್ದು ಒಂದೇ, ಆ ಹುಡುಗಿಯ ಕ್ಷಮೆ ಕೇಳದೆ ನನಗೆ ನೆಮ್ಮದಿಯಿಲ್ಲ.

ಉಕ್ಕಿದ ಕಡುಬನ್ನೇ ಡಬ್ಬಿಗೆ ತುಂಬಿ ಸಿದ್ದಾಪುರದ ಬಸ್ಸು ಹತ್ತಿದೆ. ನಾಗವೇಣಿ ಅಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಈಗ ಅವಳ ಕೂದಲೂ ನೆರೆಯತೊಡಗಿದೆ.

"ಅಯ್ಯೋ, ಅಕ್ಕೋರು! ಬನ್ನಿ, ಕೂತ್ಕಳಿ. ಆಸ್ರಿಗೆ ಕುಡಿಯಲೆ ಎಂತ ಕೊಡ್ಲಿ, ಮಜ್ಜಿಗೆ ಅಡ್ಡಿಲ್ಯಾ?"

ಮಜ್ಜಿಗೆ ಬರುವ ಮೊದಲೇ ಪೇಪರು ಬಿಚ್ಚಿದೆ. "ನಾಗವೇಣಿ, ನಿನ್ನ ಚಿತ್ರ ಸರಿ ಇತ್ತೇ. ಆನೇ ತಪ್ಪು ಕಲಿಸಿದ್ದು" ಎಂದೆ. ನಾಲ್ಕು ದಿನ ಉರುಹೊಡೆದ ಮಾತು.

ಅವಳು ಫೋಟೋ ನೋಡಿದಳು, ನನ್ನನ್ನು ನೋಡಿದಳು. "ಅಕ್ಕೋರೇ, ಆನು ಬರೆದಿದ್ದೂ ದುಂಡಗೇ ಆಗಿತ್ತು. ಮನೇಲಿ ಬಣ್ಣ ಹಸಿ ಇರಕಾದ್ರೇ ಹಾಳೆ ಮಡಚಿಬಿಟ್ಟಿದ್ದಿ. ಒಂದು ಬದಿದು ಇನ್ನೊಂದು ಬದಿಗೆ ಮೆತ್ಕಂಡಿತ್ತು, ಅಷ್ಟೇಯ."

ನನಗೆ ತಲೆಬುಡ ತಿಳಿಯದಾಯಿತು. ತಪ್ಪು ಹೇಳಿದವಳು ನಾನು, ತಪ್ಪಿ ಸರಿ ಬರೆದವಳು ಅವಳು. ಇದರಲ್ಲಿ ಕ್ಷಮೆ ಕೇಳಬೇಕಾದ್ದು ಯಾವುದಕ್ಕೆ? ಸುಳ್ಳೇಕೆ ಹೇಳಲಿ, ಎದೆ ಸ್ವಲ್ಪ ಹಗುರವೂ ಆಯಿತು.

"ಅದನ್ನೇ ಹೇಳಲೆ ಅವತ್ತು ಆನು ಕೈ ಎತ್ತಿದ್ದಿ" ಎಂದಳು ನಾಗವೇಣಿ, ಬಟ್ಟೆಗೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ. "ನಿಂಗ ನಗಾಡ್ತಾ ಇದ್ರಿ. ಕೈ ಕಂಡಿದ್ದಿಲ್ಲೆ ಕಾಣ್ತು."

ಅವಳು ಕೊಟ್ಟ ಮಜ್ಜಿಗೆ ಲೋಟವನ್ನು ಕುಡಿಯದೆ ಕೆಳಗಿಟ್ಟೆ. ಹಗುರವಾದ ಎದೆ ಮತ್ತೆ ಭಾರವಾಯಿತು. "ಹಂಗಾರೆ ಅದು ತಪ್ಪಾತು ಮಾರಾಯ್ತಿ, ನಕ್ಕಿದ್ದು" ಎಂದೆ. ಈ ಮಾತನ್ನು ಉರುಹೊಡೆದಿರಲಿಲ್ಲ.

ಅವಳು ಡಬ್ಬಿ ತೆರೆದು ಎರಡು ಬದಿಗೂ ಉಕ್ಕಿದ ಕಡುಬನ್ನು ಎತ್ತಿ ನೋಡಿದಳು. ಮತ್ತೆ ಪೇಪರು ನೋಡಿದಳು. "ಅಲ್ಲ ಅಕ್ಕೋರೇ, ಇದಕ್ಕಾದ್ರೆ ನಾರು ಕಟ್ಟಿದ್ದು ನಿಂಗ. ಅಷ್ಟು ದುಂಡಗಿರೋ ನಕ್ಷತ್ರ ಎಂತಕ್ಕೆ ಎರಡೇ ಬದಿಗೆ ಹೋಗ್ತು?"

ಜೊತೆಗಾರ, ಧೂಳು, ಸೊಂಟದ ಪಟ್ಟಿ ಎಲ್ಲ ನಾಲಗೆಯ ತುದಿಗೆ ಬಂದವು. ಹೇಳಿದ್ದರೆ ಪಾಠ ಚೆನ್ನಾಗಿಯೇ ಆಗುತ್ತಿತ್ತು.

"ನಂಗೆ ಸರಿಯಾಗಿ ಗೊತ್ತಿಲ್ಲೆ, ನಾಗವೇಣಿ" ಎಂದೆ. ಮೂವತ್ತು ವರ್ಷದಲ್ಲಿ ಒಮ್ಮೆಯೂ ವಿದ್ಯಾರ್ಥಿಯ ಎದುರು ಆಡದ ಮಾತು.

ಅವಳು ನಗಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, ನಾನು ಇನ್ನೇನಾದರೂ ಹೇಳುವುದಿದೆಯೋ ಎಂದು ಕಾದಳು.