ಬಂಡೆಗೆ ನೀರು ಹೊಯ್ದವನು

ನಾನು ನಿಮ್ಮಷ್ಟು ಚಿಕ್ಕವನಿದ್ದಾಗ ನಮ್ಮೂರಿಗೆ ಒಂದು ಬಂಡೆಯಿತ್ತು. ‘ಇತ್ತು’ ಎನ್ನುವಾಗಲೇ ನನಗೆ ಮೈ ಉರಿಯುತ್ತದೆ. ಹೇಳುತ್ತಾ ಹೇಳುತ್ತಾ ನಾನು ದನಿ ಎತ್ತಿದರೆ ಹೆದರಬೇಡಿ ಮಕ್ಕಳೇ, ಈ ಕೋಪ ಬಹಳ ಹಳೆಯದು.

ನಮ್ಮೂರು ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಬಂಡೆ ಊರಾಚೆ, ನಮ್ಮ ಹೊಲದ ಬದುವಿಗೆ ಅಂಟಿಕೊಂಡು ಮಲಗಿತ್ತು. ಕಡುಕಪ್ಪು ಬಣ್ಣ, ಮಟ್ಟಸವಾದ ಮೈ, ಇಡೀ ಊರಿನ ಫಸಲು ಹರಡಿದರೂ ಮಿಗುವಷ್ಟು ಅಗಲ. ಅದೇ ನಮ್ಮೂರಿನ ಕಣ. ಬೇರೆ ಊರಿನವರು ಸುಗ್ಗಿ ಬಂದರೆ ನೆಲ ಕೆತ್ತಿ, ಸಗಣಿ ಸಾರಿಸಿ ಕಣ ಮಾಡಿಕೊಳ್ಳಬೇಕಿತ್ತು. ನಮಗೆ ಆ ರಗಳೆಯೇ ಇರಲಿಲ್ಲ. ರಾಗಿ ತೆನೆ ಹರಡಿ, ಎತ್ತು ಕಟ್ಟಿ ಕಲ್ಲುಗುಂಡು ಉರುಳಿಸಿ, ಗಾಳಿಗೆ ತೂರಿದರೆ ಆಯಿತು. ಒಂದು ಕಾಳಿಗೂ ಮಣ್ಣು ಹತ್ತುತ್ತಿರಲಿಲ್ಲ.

ಹುರುಳಿ ಹರಡಿದ ದಿನವಂತೂ ಕೇಳಲೇಬೇಡಿ. ಬಿಸಿಲು ಏರಿದಂತೆ ಕಾಯಿಗಳು ಚಟಚಟ ಸಿಡಿದು ಕಾಳು ನಮ್ಮ ಕಾಲಿಗೆ ಬಂದು ಬಡಿಯುತ್ತಿದ್ದವು. ಅಕ್ಕ ಮೊರ ಎತ್ತಿ ತೂರುತ್ತಿದ್ದಳು. ಹೊಟ್ಟು ನನ್ನ ಅಂಗಿಯೊಳಗೆ ಸೇರಿ ತುರಿಸಿ ತುರಿಸಿ ಸಾಕಾಗುತ್ತಿತ್ತು. ಸಂಜೆ ಗಾಳಿ ತಣ್ಣಗಾದ ಮೇಲೂ ಕಲ್ಲಿನಲ್ಲಿ ಬಿಸಿಲು ಉಳಿದಿರುತ್ತಿತ್ತು. ನಾವು ಮಕ್ಕಳು ಅದರ ಮೇಲೆ ಬೆನ್ನು ಒತ್ತಿ ಮಲಗುತ್ತಿದ್ದೆವು.

ಆ ಬಂಡೆಯ ಮೇಲೆ ಯಾರೂ ಚಪ್ಪಲಿ ಮೆಟ್ಟಿ ನಡೆಯುವಂತಿರಲಿಲ್ಲ. ರಾಶಿಯಾದ ದಿನ ಅಪ್ಪ ಮೊದಲು ಬಂಡೆಗೆ ಒಂದು ಚೆಂಬು ನೀರು ಹೊಯ್ದು, ಅಂಗೈಯಲ್ಲಿ ಸವರಿ, ಆ ಒದ್ದೆ ಕೈಯನ್ನು ಹಣೆಗೆ ಒತ್ತಿಕೊಂಡು “ಮಾದಪ್ಪಾ” ಎನ್ನುತ್ತಿದ್ದ. ಆಮೇಲೆಯೇ ಕಾಳು ಅಳೆಯುತ್ತಿದ್ದುದು.

ಒಂದು ದಿನ ಬೆಳಿಗ್ಗೆ ಜೀಪೊಂದು ಧೂಳೆಬ್ಬಿಸಿಕೊಂಡು ಬಂತು. ಇಬ್ಬರು ಇಳಿದರು. ಒಬ್ಬ ಕಲ್ಲಿನ ಕಂಪನಿಯ ಏಜೆಂಟು, ನಮ್ಮ ಸೀಮೆಯವನೇ. ಇನ್ನೊಬ್ಬ ಕಲ್ಲು ಕೊಳ್ಳಲು ಬಂದ ಹೊರದೇಶದವನು. ಅಂಥ ಮನುಷ್ಯನನ್ನು ನಾವ್ಯಾರೂ ಕಂಡಿರಲಿಲ್ಲ, ಊರಿಗೆ ಊರೇ ನೆರೆಯಿತು. ಬಂಡೆ ಸರ್ಕಾರದ್ದು, ಒಡೆಯಲು ತಮಗೆ ಅಪ್ಪಣೆ ಸಿಕ್ಕಿದೆ ಎಂದ ಏಜೆಂಟು. ಆದರೆ ಆಚೆ ಕಡೆ ಹಳ್ಳ. ಲಾರಿ ಬರಬೇಕಾದರೆ ನಮ್ಮ ಹೊಲದ ಮೇಲೆಯೇ ಬರಬೇಕು. ಅದಕ್ಕೆ ಅಪ್ಪ ಹೂಂ ಅನ್ನಬೇಕಿತ್ತು.

“ಆಗಕಿಲ್ಲ ಸಾ,” ಎಂದ ಅಪ್ಪ. “ಕಣ ಬುಟ್ಕೊಟ್ಟು ನಾವೆಲ್ಲಿ ಒಕ್ಕಾದು?”

“ಒಂದು ಮೂಲೆ ಸಾಕು ಯಜಮಾನ್ರೆ, ಪೂರ್ತಿ ಬಂಡೆ ಯಾರಿಗ್ ಬೇಕು?” ಎಂದು ಏಜೆಂಟು ನಕ್ಕ.

ಇಷ್ಟರಲ್ಲಿ ಹೊರದೇಶದವನು ಬಂಡೆ ಹತ್ತಲು ಹೋದ. ಬೂಟು ಜಾರಿತು. ಬೂಟು, ಕಾಲುಚೀಲ ಎರಡನ್ನೂ ಕಳಚಿಟ್ಟು ಬರಿಗಾಲಲ್ಲಿ ಹತ್ತಿದ. ಕೈಸನ್ನೆ ಮಾಡಿ ನೀರು ಕೇಳಿದ. ಅಕ್ಕ ಬಿಂದಿಗೆ ಕೊಟ್ಟಳು. ಕುಡಿಯುತ್ತಾನೆ ಅಂದುಕೊಂಡರೆ ಅವನು ಅದನ್ನು ಬಂಡೆಯ ಮೇಲೆ ನಿಧಾನವಾಗಿ ಹೊಯ್ದ! ಮಂಡಿಯೂರಿ, ಬಗ್ಗಿ, ಅಂಗೈಯಲ್ಲಿ ಸವರಿದ. ಬಿಸಿಲಿಗೆ ಬೆವರು ಸುರಿಯುತ್ತಿತ್ತೋ ಏನೋ, ಆ ಒದ್ದೆ ಕೈಯನ್ನು ಹಣೆಗೆ ಒತ್ತಿಕೊಂಡ.

ಅಪ್ಪನ ಎರಡು ಕೈಯೂ ತಾವಾಗಿಯೇ ಜೋಡಿಕೊಂಡವು.

“ನೋಡುದ್ರಾ, ಯಾವ್ ದೇಸದೋನೋ ಏನೋ, ಕಲ್ಲಲ್ಲಿ ದೇವ್ರವ್ನೆ ಅಂತ ಗೊತ್ತು ಇವ್ನ್ಗೆ. ಇಂತೋನು ಕಣ ಕೆಡಸ್ತಾನಾ?” ಎಂದ.

ಅಕ್ಕ ಅಪ್ಪನ ತೋಳು ಹಿಡಿದೆಳೆದಳು. “ಅಪ್ಪ, ಅವ್ನು ಪೂಜೆ ಮಾಡ್ತಿಲ್ಲ ಕಣಪ್ಪ. ಸಂತೇಲಿ ನಾನು ಮಡಕೆಗೆ ನೀರುಯ್ದು ಸೀಳು ಅದಾ ಅಂತ ನೋಡಕಿಲ್ವಾ, ಅಂಗೆ ನೋಡ್ತಾವ್ನೆ.”

“ಸುಮ್ಕಿರವ್ವ, ದೊಡ್ಡೋರು ಮಾತಾಡ್ವಾಗ ಬಾಯಾಕ್ಬ್ಯಾಡ.”

ಏಜೆಂಟು ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡ. ಅಪ್ಪ ತಪ್ಪು ತಿಳಿದಿದ್ದಾನೆಂದು ಅವನಿಗೆ ಚೆನ್ನಾಗಿ ಗೊತ್ತಾಯಿತು. ಹೊರದೇಶದವನಿಗೆ ನಮ್ಮ ಭಾಷೆ ಬಾರದು, ಇವನಿಗೆ ಬರುತ್ತಿತ್ತಲ್ಲ? ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಪಾಪಿ, “ಹೌದು ಯಜಮಾನ್ರೆ, ಬಾಳ ದೈವಭಕ್ತರು” ಎಂದುಬಿಟ್ಟ. ಹೊಲದಲ್ಲಿ ದಾರಿ ಬಿಡುತ್ತೇನೆಂದು ಅಪ್ಪ ಊರ ಮುಂದೆ ಮಾತು ಕೊಟ್ಟ. ಅಕ್ಕ ಖಾಲಿ ಬಿಂದಿಗೆ ಎತ್ತಿಕೊಂಡು, ಯಾರ ಮುಖವನ್ನೂ ನೋಡದೆ ಮನೆಗೆ ನಡೆದಳು.

ಮೊದಲು ಒಂದು ಮೂಲೆ ಹೋಯಿತು. ಆಮೇಲೆ ಇನ್ನೊಂದು. ಡ್ರಿಲ್ಲಿನ ಧೂಳು ಹುಲ್ಲಿನ ಮೆದೆಗೆ ಹತ್ತಿ ದನಗಳು ಮೂಸಿ, ತಿನ್ನದೆ ಬಿಟ್ಟವು. ಊರಿನ ಕೆಲವರಿಗೆ ಕೂಲಿ ಸಿಕ್ಕಿದ್ದು ನಿಜ, ಸುಳ್ಳು ಹೇಳಬಾರದು. ಅವರ ಮನೆಯಲ್ಲಿ ರೇಡಿಯೊ ಹಾಡಿತು. ಆದರೆ ಕಣ ದಿನದಿನಕ್ಕೂ ಚಿಕ್ಕದಾಗುತ್ತಿತ್ತು. ಬಂಡೆಯ ನಡುಭಾಗದ ದೊಡ್ಡ ತುಂಡು ಹೊತ್ತು ಲಾರಿ ಹೊರಟ ದಿನ ಅಪ್ಪ ಹೊಲದ ದಾರಿಯಲ್ಲಿ ಅಡ್ಡ ನಿಂತ. ನಾನು ಅವನ ಪಕ್ಕದಲ್ಲಿದ್ದೆ.

“ಇದು ಎಲ್ಲಿಗೋಯ್ತದೆ ಸಾ?”

“ಹಡಗಲ್ಲಿ ಹೊರದೇಶಕ್ಕೆ. ಅಲ್ಲಿ ಸತ್ತೋರ ಹೆಸರು ಕೆತ್ತಿ ಗೋರಿ ಮೇಲೆ ನಿಲ್ಲಿಸ್ತಾರೆ,” ಎಂದ ಏಜೆಂಟು.

ಅಪ್ಪ ಲಾರಿಯ ಮೇಲಿದ್ದ ಕಲ್ಲನ್ನು ನೋಡಿದ. “ನಾನು ದಾರಿ ಬುಟ್ಟದ್ದು ಪೂಜೆ ಮಾಡ್ದೋನ್ಗೆ,” ಎಂದ.

“ಯಾವ ಪೂಜೆ? ನೀರು ಹಾಕಿದ್ದು ಬಿರುಕು ಇದ್ಯಾ ಅಂತ ನೋಡಕ್ಕೆ. ಊರ ಮುಂದೆ ಮಾತು ಕೊಟ್ಟೋರು ನೀವು. ಈಗ ತಪ್ತೀರಾ?”

ಅಪ್ಪ ಪಕ್ಕಕ್ಕೆ ಸರಿದ! ಸುಳ್ಳು ಹೇಳಿದವನ ಮುಂದೆ ತನ್ನ ಮಾತು ಉಳಿಸಿಕೊಳ್ಳಲು ಸರಿದ. ಗೋರಿಯೊಳಗೆ ಮಲಗಿದವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮಕ್ಕಳು ಹೆತ್ತವರ ನೆನಪಿಗೆ ಒಳ್ಳೆಯ ಕಲ್ಲು ಬೇಕೆಂದರು, ಅದೇನು ತಪ್ಪು? ಆ ಕಲ್ಲಿನ ಮೇಲೆ ಒಂದೂರು ಅನ್ನ ಒಕ್ಕುತ್ತಿತ್ತು ಅಂತ ಅವರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವರು ನಡುವೆ ನಿಂತು ಎರಡೂ ಕಡೆಗೆ ನಗುತ್ತಿದ್ದರು. ಕಲ್ಲು ಮುಗಿಯಿತು, ಕಂಪನಿ ಹೋಯಿತು. ಅಪ್ಪ ಆಮೇಲೆ ಅಕ್ಕನ ಮುಂದೆ ಕಣದ ಮಾತೇ ಎತ್ತಲಿಲ್ಲ.

ಇನ್ನು ನಿಮ್ಮ ವಿಷಯಕ್ಕೆ ಬರುತ್ತೇನೆ. ನಿಮ್ಮ ಆಟದ ಸಾಮಾನು ಒಂದು ದೇಶದ್ದು, ನೀವು ತಿನ್ನುವ ಚಾಕೊಲೇಟು ಇನ್ನೊಂದು ದೇಶದ್ದು. ಫೋನಿನಲ್ಲಿ ಬೆರಳಾಡಿಸಿದರೆ ಲೋಕವೇ ಮನೆ ಬಾಗಿಲಿಗೆ ಬರುತ್ತದೆ. ಬರಲಿ, ಸಂತೋಷ. ಆದರೆ ಹೋದ ತಿಂಗಳು ಎಲ್ಲರೂ ಕಾರಿನಲ್ಲಿ ಮಹದೇಶ್ವರ ಬೆಟ್ಟಕ್ಕೆ ಹೋಗುವಾಗ ಏನಾಯಿತು? ನಮ್ಮೂರಿನ ತಿರುವಿನ ಬಳಿ ರಸ್ತೆಯ ತುಂಬ ಕಾಯಿ ಸಮೇತ ಹುರುಳಿ ಹರಡಿತ್ತು. ಅಕ್ಕನ ವಯಸ್ಸಿನ ಒಬ್ಬ ಹೆಂಗಸು ಪೊರಕೆ ಹಿಡಿದು, ಬಸ್ಸು ಕಾರುಗಳ ನಡುವೆ ಓಡಿ ಓಡಿ, ಚಕ್ರದಡಿಯಿಂದ ಸಿಡಿದ ಕಾಳು ಗುಡಿಸುತ್ತಿದ್ದಳು. ನಿಮ್ಮಪ್ಪ ಹಾರ್ನ್ ಒತ್ತಿದ. ನೀವು, “ರೋಡಲ್ಲಿ ಯಾರಾದ್ರೂ ಕಾಳು ಹಾಕ್ತಾರಾ ತಾತ? ಬುದ್ಧಿ ಇಲ್ವಾ ಇವ್ರಿಗೆ?” ಎಂದಿರಿ. ನಾನು ಆಗ ರೇಗಿ ಕೂಗಿದ್ದು ಯಾಕೆ ಅಂತ ಬೆಟ್ಟ ಹತ್ತುವವರೆಗೂ ಕೇಳುತ್ತಿದ್ದಿರಿ. ಇದಕ್ಕೇ.

ಬುದ್ಧಿ ಇಲ್ಲದವಳಲ್ಲ ಅವಳು. ಅವಳ ಕಣ ಹಡಗು ಹತ್ತಿ ಹೋಯಿತು. ಇನ್ನು ಮೇಲೆ ಅಲ್ಲಿಗೆ ಬಂದಾಗ ನಿಮ್ಮಪ್ಪನಿಗೆ ಹೇಳಿ, ಹಾರ್ನ್ ಒತ್ತಬೇಡ, ಪಕ್ಕಕ್ಕೂ ತಿರುಗಿಸಬೇಡ, ನಿಧಾನವಾಗಿ ಆ ಹುರುಳಿಯ ಮೇಲೆಯೇ ಗಾಡಿ ಓಡಿಸು ಅಂತ. ನಮ್ಮ ಚಕ್ರದಿಂದಲಾದರೂ ಅವಳಿಗೆ ನಾಲ್ಕು ಕಾಳು ಉದುರಲಿ.