ಎಂಗೇಜ್ ಬಂದ ಭಾನುವಾರ

ಫೋನಿನಲ್ಲಿ ಮಾತಾಡುವ ಕಾಲ ಮುಗಿಯಿತು ಎಂದು ನಾನು ಲೋಕಕ್ಕೆಲ್ಲ ಸಾರುತ್ತಿದ್ದ ಹೊತ್ತಿನಲ್ಲೇ, ನಮ್ಮ ಮನೆಯ ಫೋನಿನ ಪಕ್ಕ ಶೈಲಕ್ಕ ಅದು ಒಂದೇ ಒಂದು ಸಲ ರಿಂಗಾಗಲಿ ಎಂದು ಕಾಯುತ್ತ ಕೂತಿದ್ದಳು. ರಿಂಗಾಗದ ಹಾಗೆ ಮಾಡಿದ್ದು ನಾನು. ಬೇಕಂತಲೇ ಮಾಡಿದ್ದರೆ ದುಷ್ಟ ಅನ್ನಿಸಿಕೊಳ್ಳುವ ಗೌರವವಾದರೂ ಸಿಗುತ್ತಿತ್ತು. ಗೊತ್ತಿಲ್ಲದೆ ಮಾಡಿದ್ದರಿಂದ ಬರೀ ಪೆದ್ದ ಅನ್ನಿಸಿಕೊಂಡೆ. ಪೆದ್ದರಿಗೆ ಚರಿತ್ರೆಯಲ್ಲಿ ಜಾಗವಿಲ್ಲ ನೋಡಿ, ಹಾಗಾಗಿ ನಾನೇ ಬರೆದುಕೊಳ್ಳಬೇಕಾಗಿದೆ.

ತೊಂಬತ್ತರ ದಶಕದ ಕೊನೆಯ ಮಾತಿದು. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ನಾನು ಇಂಜಿನಿಯರಿಂಗ್ ಮುಗಿಸಿದ್ದೆ. ಎರಡು ವಿಷಯಗಳು ಮಾತ್ರ ನಾನು ಮುಗಿಸಿದ್ದನ್ನು ಇನ್ನೂ ಒಪ್ಪಿರಲಿಲ್ಲ. ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅಪ್ಪನಿಗೆ "ಅಂಗಡಿ ಲೆಕ್ಕವೆಲ್ಲ ಒಂದು ಗುಂಡಿ ಒತ್ತಿದರೆ ಬರುತ್ತದೆ" ಎಂದು ನಂಬಿಸಿ ಒಂದು ಕಂಪ್ಯೂಟರನ್ನೂ ಮೋಡೆಮ್ಮನ್ನೂ ಕೊಡಿಸಿಕೊಂಡಿದ್ದೆ. ಆ ಗುಂಡಿ ಯಾವುದೆಂದು ಅಪ್ಪ ಆಗಾಗ ಕೇಳುತ್ತಿದ್ದರು. ಹುಡುಕುತ್ತಿದ್ದೇನೆ ಎಂದು ನಾನೂ ಆಗಾಗ ಹೇಳುತ್ತಿದ್ದೆ.

ಮೋಡೆಮ್ ಎಂದರೆ ಫೋನಿನ ತಂತಿಗೂ ಕಂಪ್ಯೂಟರಿಗೂ ನಡುವೆ ಕೂತ ದಲ್ಲಾಳಿ. ಅದು ಇಂಟರ್‌ನೆಟ್ಟಿಗೆ ಕರೆಮಾಡುವಾಗ ಮೊದಲು ಪೀಪಿ ಊದುತ್ತಿತ್ತು, ಆಮೇಲೆ ಗಿರಣಿಯಲ್ಲಿ ಬೆಲ್ಟು ಕಳಚಿದಂತೆ ಕಿರುಚುತ್ತಿತ್ತು, ಕೊನೆಗೆ ಕಾದ ಎಣ್ಣೆಗೆ ಒಟ್ಟಿಗೇ ಒಂದು ಬುಟ್ಟಿ ಮಿರ್ಚಿ ಬಿಟ್ಟಂತೆ ಭುಸುಗುಡುತ್ತಿತ್ತು. ಮೊದಲ ದಿನ ಅದನ್ನು ಕೇಳಿದ ಅವ್ವ, "ಪಾಪ, ಹೊಟ್ಟಿ ನೋವೈತೇನೋ ಅದಕ್ಕೆ, ಓಮಿನ ನೀರು ಹಾಕ್ಲೇನು?" ಅಂದಿದ್ದಳು. ಹತ್ತು ಸಲ ಪ್ರಯತ್ನಿಸಿದರೆ ಒಂದು ಸಲ ಸಂಪರ್ಕ ಸಿಗುತ್ತಿತ್ತು. ಸಿಕ್ಕಿದ್ದನ್ನು ಬಿಡಲು ಮನಸ್ಸಾದರೂ ಹೇಗೆ ಬಂದೀತು? ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿ ಹಿಡಿದ ಸೀಟು ಅದು.

ತೊಂದರೆ ಏನೆಂದರೆ, ತಂತಿ ಒಂದೇ. ನಾನು ನೆಟ್ಟಿನಲ್ಲಿದ್ದಷ್ಟು ಹೊತ್ತು ಮನೆಗೆ ಬೇರೆ ಫೋನ್ ಬರುವಂತಿರಲಿಲ್ಲ. ಅದೂ ನಮ್ಮ ಮನೆಯ ಫೋನು ನಮ್ಮದೊಂದೇ ಮನೆಯದ್ದಾಗಿರಲಿಲ್ಲ. ಬೀದಿಯ ಅರ್ಧ ಜನ ಅದನ್ನು ಪಿ.ಪಿ. ನಂಬರ್ ಎಂದು ಕೊಟ್ಟಿದ್ದರು. ಈಗಿನವರಿಗೆ ಪಿ.ಪಿ. ಅಂದರೆ ಗೊತ್ತಾಗಲಿಕ್ಕಿಲ್ಲ. ಸ್ವಂತ ಫೋನಿಲ್ಲದವರು ನೆರೆಮನೆಯ ನಂಬರ್ ಬರೆದು ಪಕ್ಕದಲ್ಲಿ ಆ ಎರಡಕ್ಷರ ಹಾಕಿದರೆ, "ಇಲ್ಲಿಗೆ ಫೋನ್ ಮಾಡಿ, ಇವರು ನಮ್ಮನ್ನು ಕೂಗುತ್ತಾರೆ" ಎಂದರ್ಥ. ಆ ನೆರೆಮನೆಯವರನ್ನು ಕೇಳಿಯೇ ಬರೆಯಬೇಕೆಂಬ ನಿಯಮವೇನೂ ಇರಲಿಲ್ಲ. ಲಗ್ನಪತ್ರಿಕೆಗಳಲ್ಲಿ, ನೌಕರಿಯ ಅರ್ಜಿಗಳಲ್ಲಿ, ಒಮ್ಮೆ ಕಳೆದುಹೋದ ಎಮ್ಮೆಯ ಪ್ರಕಟಣೆಯಲ್ಲೂ ನಮ್ಮ ನಂಬರ್ ಅಚ್ಚಾಗಿತ್ತು. ಕರೆ ಬಂದರೆ ಅವ್ವ ಕಾಂಪೌಂಡಿನ ಹತ್ತಿರ ನಿಂತು ಒಂದು ಕೂಗು ಹಾಕುವಳು. ಎಮ್ಮೆಯೊಂದನ್ನು ಬಿಟ್ಟು ಎಲ್ಲರೂ ಓಡಿ ಬರುತ್ತಿದ್ದರು.

ಅಪ್ಪ ಈ ಫೋನಿಗೆ ಕಾಲ್ ವೇಟಿಂಗ್ ಎಂಬ ಸೌಲಭ್ಯ ಹಾಕಿಸಿದ್ದರು. ಒಬ್ಬರೊಂದಿಗೆ ಮಾತಾಡುವಾಗ ಇನ್ನೊಬ್ಬರು ಕರೆಮಾಡಿದರೆ ಕಿವಿಯಲ್ಲಿ ಕುಂಯ್ ಎನ್ನುತ್ತಿತ್ತು. ಮನುಷ್ಯರಿಗೆ ಅದು ಕುಂಯ್, ಮೋಡೆಮ್ಮಿಗೆ ಅದು ಮರಣಶಾಸನ. ಒಂದು ಕುಂಯ್‌ಗೆ ಸಂಪರ್ಕ ಕಡಿದುಬೀಳುತ್ತಿತ್ತು. ಹಾಗಾಗಿ ನಾನು ಯಾರಿಗೂ ಹೇಳದೆ ಆ ಸೌಲಭ್ಯವನ್ನು ತೆಗೆಸಿಹಾಕಿದೆ. ಅಂದಿನಿಂದ ನಾನು ನೆಟ್ಟಿನಲ್ಲಿರುವಾಗ ಯಾರೇ ಕರೆಮಾಡಿದರೂ ಅವರಿಗೆ ಎಂಗೇಜ್. ನಮಗೆ ಕರೆ ಬಂದಿತ್ತೆಂಬುದೂ ತಿಳಿಯುವಂತಿರಲಿಲ್ಲ.

ಇಷ್ಟು ಕಷ್ಟಪಟ್ಟು ನೆಟ್ಟಿಗೆ ಹೋಗಿ ನಾನು ಮಾಡುತ್ತಿದ್ದುದೇನು? ಜಗಳ. ಕಂಪ್ಯೂಟರ್ ಹುಚ್ಚರದೊಂದು ಮೇಲಿಂಗ್ ಲಿಸ್ಟ್ ಇತ್ತು. ಒಬ್ಬ ಬರೆದ ಮೇಲ್ ಎಲ್ಲರಿಗೂ ಹೋಗುತ್ತಿತ್ತು. ಅದಕ್ಕೆ ಎಲ್ಲರೂ ಉತ್ತರಿಸುತ್ತಿದ್ದರು, ಆ ಉತ್ತರಗಳೂ ಎಲ್ಲರಿಗೂ ಹೋಗುತ್ತಿದ್ದವು. ಅರಳಿಕಟ್ಟೆಯೇ ಸರಿ, ಆದರೆ ಊಟಕ್ಕೆ ಕರೆಯುವ ಹೆಂಡತಿಯರಿಲ್ಲದ್ದರಿಂದ ಸಭೆ ಮುಗಿಯುತ್ತಲೇ ಇರಲಿಲ್ಲ. ಅಲ್ಲಿ ಯಾರಿಗೂ ಸ್ವಂತ ಹೆಸರಿರಲಿಲ್ಲ. ನನ್ನ ಹೆಸರು ನೆಟ್‌ಟೈಗರ್. ಜಿರಳೆ ಕಂಡರೆ ಮಂಚ ಹತ್ತುವ ನಾನು ಈ ಹೆಸರಿಟ್ಟುಕೊಳ್ಳುವಾಗ ಕೈ ಒಂಚೂರೂ ನಡುಗಲಿಲ್ಲ.

ಹುಲಿಗೆ ಒಬ್ಬ ಶತ್ರುವಿದ್ದ. ಅವನ ಹೆಸರು ವೈಟ್‌ಬಿಯರ್ಡ್, ಬಿಳಿಗಡ್ಡ. ನಾನು ಏನೇ ಬರೆದರೂ ಆತ "ಮೊದಲು ಓದಿಕೊಂಡು ಬಾ" ಎಂದು ಒಂದು ಸಾಲಿನ ಉತ್ತರ ಕೊಡುತ್ತಿದ್ದ. ಆ ಗತ್ತು ನೋಡಿ, ಅಮೆರಿಕದ ಯಾವುದೋ ವಿಶ್ವವಿದ್ಯಾಲಯದಲ್ಲಿ ಗಡ್ಡ ನೀವುತ್ತ ಕೂತ ಮುದುಕ ಎಂದೇ ನಂಬಿದ್ದೆ. ಅವನನ್ನು ಬೈಯುವಾಗ ದಾವಣಗೆರೆಯ ಹುಡುಗನೊಬ್ಬ ಅಮೆರಿಕವನ್ನೇ ತಡವಿಕೊಂಡನೆಂಬ ರೋಮಾಂಚನ ನನಗೆ. ಆ ವಾರದ ಜಗಳ ಇದು: ಫೋನಿನ ತಂತಿ ಇರುವುದು ಮಾತಿಗೋ, ನೆಟ್ಟಿಗೋ? ನೆಟ್ಟಿಗೆ ಎಂದು ನಾನು. ಬಾಯಿಮಾತಿಗೆ ತಂತಿ ಬಳಸುವುದು ಮಂಡಕ್ಕಿ ತರಲು ಲಾರಿ ಕಳಿಸಿದ ಹಾಗೆ ಎಂದು ಉಪಮೆಯನ್ನೂ ಕೊಟ್ಟಿದ್ದೆ. ತಂತಿ ಯಾರಿಗೆ ಜರೂರೋ ಅವರದ್ದು ಎಂದು ಬಿಳಿಗಡ್ಡ.

ಈಗ ಶೈಲಕ್ಕನ ವಿಷಯಕ್ಕೆ ಬರುತ್ತೇನೆ. ನಮ್ಮ ಮನೆಯಿಂದ ಎರಡು ಮನೆ ಆಚೆ ಅವಳದ್ದು. ಅವಳಪ್ಪ ಕೆಲಸ ಮಾಡುತ್ತಿದ್ದ ಬಟ್ಟೆ ಗಿರಣಿ ಮುಚ್ಚಿತ್ತು. ಅವಳು ಮಕ್ಕಳಿಗೆ ಪಾಠ ಹೇಳಿ ಮನೆ ನಡೆಸುತ್ತಲೇ ಕಂಪ್ಯೂಟರ್ ಡಿಪ್ಲೊಮಾ ಮಾಡಿದ್ದಳು. ಕಂಪ್ಯೂಟರ್ ಇರಲಿಲ್ಲ. ಹಳೆಯ ರಟ್ಟಿನ ಮೇಲೆ ಕೀಬೋರ್ಡಿನ ಚಿತ್ರ ಬರೆದು, ಅದರ ಮೇಲೆ ಬೆರಳಾಡಿಸಿ ಟೈಪಿಂಗ್ ಕಲಿತವಳು. ರಟ್ಟಿನ ಮೇಲೆ ತಪ್ಪು ಹೊಡೆದರೂ ಅವಳಿಗೆ ಗೊತ್ತಾಗುತ್ತಿತ್ತು. ನನಗೆ ಪರದೆಯ ಮೇಲೆ ಕಂಡರೂ ಗೊತ್ತಾಗುತ್ತಿರಲಿಲ್ಲ. ಹರಿಹರದಲ್ಲೊಂದು ಕಂಪ್ಯೂಟರ್ ತರಗತಿಗೆ ಕಲಿಸುವವರು ಬೇಕಾಗಿದ್ದರು. ಇಬ್ಬರನ್ನು ಆರಿಸಿದ್ದಾರೆ, ಅವರಲ್ಲಿ ಭಾನುವಾರ ಸಂಜೆಯೊಳಗೆ ಫೋನ್ ಬಂದವರು ಸೋಮವಾರ ಹೋಗಿ ಒಂದು ಪಾಠ ಮಾಡಿ ತೋರಿಸಬೇಕು, ಒಪ್ಪಿಗೆಯಾದರೆ ಅಲ್ಲಿಂದಲೇ ಕೆಲಸ ಎಂದಾಗಿತ್ತು. ಕೊಟ್ಟ ನಂಬರ್ ನಮ್ಮದು, ಪಿ.ಪಿ.

"ಭಾನ್ವಾರ ಶೈಲಂಗೆ ಫೋನ್ ಐತೆ, ನೆನಪಿರ್ಲಿ" ಎಂದು ಅವ್ವ ಊಟಕ್ಕೆ ಕೂತಾಗ ಹೇಳಿದ್ದಳಂತೆ. ನಾನು ಹೂಂ ಅಂದಿದ್ದೆನಂತೆ. ರೊಟ್ಟಿ ಮುರಿಯುವಾಗ ನಾನು ಅಂದ ಹೂಂಗಳನ್ನೆಲ್ಲ ನಂಬಿದ್ದರೆ ನಮ್ಮ ಮನೆ ಎಂದೋ ಹರಾಜಾಗಿರುತ್ತಿತ್ತು.

ಆ ಭಾನುವಾರ ಮಧ್ಯಾಹ್ನ ಉಂಡವನೇ ಮಹಡಿಯ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಮಿರ್ಚಿ ಭುಸುಗುಟ್ಟಿತು, ಸಂಪರ್ಕ ಸಿಕ್ಕಿತು. ಬಿಳಿಗಡ್ಡನೂ ಲಿಸ್ಟಿನಲ್ಲೇ ಇದ್ದ. ಅವನು ಒಂದು ಸಾಲು, ನಾನು ಒಂದು ಪುಟ. ಅವನು ಇನ್ನೊಂದು ಸಾಲು, ನಾನು ಎರಡು ಪುಟ. ಕೆಳಗೆ ಹಾಲಿನಲ್ಲಿ ಶೈಲಕ್ಕ, ಫೋನಿಗೆ ಕಣ್ಣಿದೆಯೋ ಎಂಬಂತೆ ಒಳ್ಳೆಯ ಸೀರೆಯುಟ್ಟು, ತಲೆ ಬಾಚಿಕೊಂಡು ಬಂದು ಕುರ್ಚಿಯ ತುದಿಯಲ್ಲಿ ಕೂತಿದ್ದಾಳೆ. ಬಹಳ ಹೊತ್ತಾದರೂ ಸದ್ದಿಲ್ಲದ್ದು ನೋಡಿ ಅವ್ವ, ಲೈನ್ ಸತ್ತಿದೆಯೇನೋ ನೋಡೋಣವೆಂದು ರಿಸೀವರ್ ಎತ್ತಲು ಹೋದಳಂತೆ. ಶೈಲಕ್ಕ ಎರಡೂ ಕೈ ಅಡ್ಡ ಹಿಡಿದಳಂತೆ. "ಎತ್ತಬ್ಯಾಡ್ರಿ ಆಂಟಿ! ಅದೇ ಹೊತ್ತಿಗೆ ಅವ್ರು ಮಾಡಿದ್ರೆ ಎಂಗೇಜ್ ಬರ್ತೈತೆ!"

ಎತ್ತಿದ್ದರೆ ನನ್ನ ಸಂಪರ್ಕ ಕಡಿದು, ಹುಲಿ ಬಾಯಿ ಮುಚ್ಚಿ, ಲೈನು ಬಿಡುವಾಗುತ್ತಿತ್ತು. ಎಂಗೇಜ್ ಬರಬಾರದೆಂದು ಅವಳು ಕೆಳಗೆ ಉಸಿರು ಬಿಗಿಹಿಡಿದು ಕಾಯ್ದಳು. ನಾನು ಮೇಲೆ ಉಸಿರು ಬಿಡದೆ ಬರೆದೆ. ಕತ್ತಲಾಗುವ ಹೊತ್ತಿಗೆ ಅವಳು "ಇರ್ಲಿ ಬಿಡ್ರಿ, ಆ ಇನ್ನೊಬ್ರಿಗೆ ಮಾಡಿರ್ಬೇಕು" ಎಂದು ಎದ್ದು ಹೋದಳಂತೆ.

ಇಷ್ಟೂ ನನಗೆ ತಿಳಿದದ್ದು ಅವ್ವ ಕಾಫಿ ಹಿಡಿದು ಮೇಲೆ ಬಂದಾಗ. ಮೋಡೆಮ್ಮಿನ ಕೆಂಪು ದೀಪಗಳು ಕುಣಿಯುತ್ತಿದ್ದವು. ಅವ್ವ ದೀಪಗಳನ್ನು ನೋಡಿದಳು, ನನ್ನನ್ನು ನೋಡಿದಳು.

"ಯಾವಾಗಿಂದ ಹಚ್ಚೀಯಲೇ ಇದನ್ನ?"

"ಊಟ ಆದ್ಮ್ಯಾಲಿಂದ."

ಅವ್ವ ಬೈಯಲಿಲ್ಲ. ಕಾಫಿ ಕೊಡದೆ ವಾಪಸ್ ತೆಗೆದುಕೊಂಡು ಹೋದಳು. ನಮ್ಮ ಮನೆಯಲ್ಲಿ ಅದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ.

ಬೆಳಗ್ಗೆ ಎದ್ದವನೇ ಶೈಲಕ್ಕನ ಮನೆಗೆ ಹೋಗಿ, ರಂಗೋಲಿ ತುಳಿದು, ನೆಟ್‌ಟೈಗರ್, ಬಿಳಿಗಡ್ಡ ಸಮೇತ ಒಂದೇ ಉಸಿರಿನಲ್ಲಿ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡು, ಕೈಯಲ್ಲಿದ್ದ ಪೊರಕೆಯನ್ನು ಗೋಡೆಗೆ ಒರಗಿಸಿದಳು. ಅದು ಗೋಡೆಗೇ ಹೋದದ್ದು ನನ್ನ ಪೂರ್ವಜನ್ಮದ ಪುಣ್ಯ.

"ನಡಿ, ಹರಿಹರಕ್ಕೆ."

"ಅವ್ರು ಕರೆದೇ ಇಲ್ಲಲ್ಲಕ್ಕಾ?"

"ಕರೆದ್ರೋ ಇಲ್ಲೋ ನಿನ್ನಿಂದ ಗೊತ್ತಾಗ್ಲಿಲ್ಲ. ಹೋಗಿ ಕೇಳಾಣ. ನೀನೂ ಬಾ, ಹೆಂಗೆ ತಪ್ತು ಅಂತ ನೀನೇ ಹೇಳು."

ಬಸ್ಸಿನಲ್ಲಿ ಅವಳು ಕಿಟಕಿಯಾಚೆ ನೋಡುತ್ತ ತುಟಿಯಲ್ಲೇ ಪಾಠ ಹೇಳಿಕೊಳ್ಳುತ್ತಿದ್ದಳು. ನಾನು ಹರಿಹರದ ದೇವರನ್ನು ನೆನೆಯುತ್ತಿದ್ದೆ. ಆ ದೇವರ ಕಥೆ ನಿಮಗೆ ಗೊತ್ತೇ ಇದೆ. ಹರಿ ದೊಡ್ಡವನೋ ಹರ ದೊಡ್ಡವನೋ ಎಂದು ಭಕ್ತರು ಕಾಲಕಾಲಕ್ಕೆ ಬಡಿದಾಡಿದರು. ದೇವರಿಗೆ ಸಾಕಾಗಿರಬೇಕು, ಅರ್ಧ ಮೈ ಹರಿ, ಅರ್ಧ ಮೈ ಹರ ಆಗಿ ತುಂಗಭದ್ರೆಯ ದಂಡೆಯಲ್ಲಿ ಒಂದೇ ಕಲ್ಲಿನಲ್ಲಿ ನಿಂತುಬಿಟ್ಟ. ಜಗಳ ಬಿಡಿಸುವುದಕ್ಕೆ ದೇವರೇ ಮೈ ಹಂಚಿಕೊಳ್ಳಬೇಕಾಯಿತು. ನಮ್ಮ ಲಿಸ್ಟಿನಲ್ಲಿ ಮಾತ್ರ ಯಾರೂ ಕಿರುಬೆರಳಿನಷ್ಟು ಬಿಟ್ಟುಕೊಡುತ್ತಿರಲಿಲ್ಲ. ದೇವರಿಗೆ ಮೇಲ್ ಐಡಿ ಇದ್ದಿದ್ದರೆ ಅವನೂ ಒಂದು ಪಕ್ಷ ಹಿಡಿಯುತ್ತಿದ್ದನೇನೋ.

ತರಗತಿ ಒಂದು ಕಿರಾಣಿ ಅಂಗಡಿಯ ಮೇಲಿತ್ತು. ಮೆಟ್ಟಿಲ ತುಂಬ ಮೆಣಸಿನಕಾಯಿಯ ಘಾಟು. ಒಳಗೆ ಬಟ್ಟೆ ಹೊದಿಸಿದ ನಾಲ್ಕಾರು ಕಂಪ್ಯೂಟರು, ಒಂದು ಕರಿಹಲಗೆ, ಮತ್ತು ತರಗತಿ ನಡೆಸುವ ಬಸವರಾಜ್ ಸರ್. ಮೂವತ್ತು ದಾಟಿರಲಿಕ್ಕಿಲ್ಲ, ನುಣ್ಣಗೆ ಕ್ಷೌರ ಮಾಡಿದ ಮುಖ. ಶೈಲಕ್ಕನನ್ನು ನೋಡುತ್ತಲೇ ಎದ್ದು ನಿಂತರು.

"ಬರ್ರಿ ಮೇಡಂ, ಕೂಡ್ರಿ. ತಪ್ಪು ತಿಳೀಬ್ಯಾಡ್ರಿ, ನಿನ್ನೆ ನಿಮ್ಗೆ ಫೋನ್ ಮಾಡಾಕಾಗ್ಲಿಲ್ಲ. ಲೈನ್ ಎಂಗೇಜ್ ಇತ್ತು."

"ನಮ್ಮ ಕಡೇದೇ ತಪ್ಪು ಸರ್. ನಮ್ದು ಎಂಗೇಜ್ ಇತ್ತು" ಎಂದಳು ಶೈಲಕ್ಕ.

"ನಿಮ್ದಲ್ರಿ, ನಂದು! ನಿಮ್ಗೂ ಮಾಡ್ಲಿಲ್ಲ, ಆ ಇನ್ನೊಬ್ರಿಗೂ ಮಾಡ್ಲಿಲ್ಲ. ನೆಟ್‌ನಾಗೆ ಒಬ್ಬ ಗಂಟು ಬಿದ್ದಿದ್ದ ನೋಡ್ರಿ. ನಾನು ಒಂದು ಸಾಲು ಬರದ್ರೆ ಅವ್ನು ಹರಿಕಥೆ ಬರೀತಾನೆ. ಬಿಟ್ಟೇಳಾಕೆ ಮನಸ್ಸೇ ಬರ್ಲಿಲ್ಲ. ಅದೇನೋ ಟೈಗರ್ ಅಂತೆ, ಹೆಸ್ರು ಬ್ಯಾರೆ!"

ನಾನು ಚಾವಣಿಯ ಫ್ಯಾನಿನಲ್ಲಿ ಎಷ್ಟು ರೆಕ್ಕೆಗಳಿವೆ ಎಂದು ನೋಡತೊಡಗಿದೆ. ನನ್ನ ಬಿಳಿಗಡ್ಡ, ನನ್ನ ಅಮೆರಿಕ, ನನ್ನ ವಿಶ್ವವಿದ್ಯಾಲಯ ಎಲ್ಲವೂ ಮೆಣಸಿನಕಾಯಿಯ ಘಾಟಿನಲ್ಲಿ ಕುರ್ಚಿ ಎಳೆದುಕೊಂಡು ಕೂತಿತ್ತು. ನಾವಿಬ್ಬರೂ ಸಮುದ್ರದಾಚೆಯ ಯಾವುದೋ ಯಂತ್ರದ ಮೂಲಕ ಕೂಗಾಡಿದ್ದೆವು. ಗಂಟಲು ಸ್ವಲ್ಪ ಗಟ್ಟಿಯಿದ್ದಿದ್ದರೆ ನೇರವಾಗಿಯೇ ಕೇಳಿಸುತ್ತಿತ್ತು.

ಶೈಲಕ್ಕ ನನ್ನ ತೋಳು ಹಿಡಿದು ಮುಂದಕ್ಕೆ ತಂದಳು. "ಇದೇ ಸರ್ ಆ ಹುಲಿ. ನಮ್ಮ ಬೀದೀದೇ."

ಬಸವರಾಜ್ ಸರ್ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇಷ್ಟೇನಾ?" ಎಂದರು. ನಾನೂ ಅವರ ಗಲ್ಲ ನೋಡಿ ಅದನ್ನೇ ಕೇಳಬೇಕೆಂದಿದ್ದೆ. ಹುಟ್ಟುಗುಣ ಹೋಗುತ್ತದೆಯೇ? ಎರಡು ನಿಮಿಷದಲ್ಲಿ ನಾವಿಬ್ಬರೂ ತಂತಿ ಯಾರದ್ದೆಂಬ ಜಗಳವನ್ನು ನಿಂತಲ್ಲಿಂದಲೇ ಮುಂದುವರಿಸಿದ್ದೆವು. ಶೈಲಕ್ಕ ಸುಮ್ಮನೆ ಹೋಗಿ ಸೀಮೆಸುಣ್ಣ ತೆಗೆದುಕೊಂಡು ಹಲಗೆಯ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಳು. ಅದಕ್ಕೆ ಜೋತುಬಿದ್ದಂತೆ ಒಂದಷ್ಟು ಡಬ್ಬಿ ಬರೆದಳು.

"ಸರ್, ಪಾಠ ಮಾಡ್ಲಾ? ಇದು ಒಂದೇ ತಂತಿ, ಇವೆಲ್ಲ ಅದಕ್ಕೇ ಹಚ್ಚಿದ ಕಂಪ್ಯೂಟ್ರು. ಮಾತಾಡೋ ಮುಂಚೆ ಪ್ರತಿಯೊಂದೂ ಕಿವಿಗೊಟ್ಟು ಕೇಳ್ತೈತೆ, ಬ್ಯಾರೆ ಯಾರಾರ ಮಾತಾಡ್ತದಾರಾ ಅಂತ. ಇಲ್ಲ ಅಂದ್ರೆ ಮಾತಾಡ್ತೈತೆ. ಅಕಸ್ಮಾತ್ ಇಬ್ರು ಒಟ್ಟಿಗೇ ಬಾಯಿ ಹಾಕಿದ್ರೆ, ಇಬ್ರೂ ತಕ್ಷಣ ಸುಮ್ನಾಗ್ತಾರೆ. ಒಬ್ಬೊಬ್ರು ಒಂದೊಂದಿಷ್ಟು ಹೊತ್ತು ಕಾಯ್ದು ಆಮ್ಯಾಲೆ ಮಾತಾಡ್ತಾರೆ. ಮಿಷಿನ್ನಿಗೆ ಇಷ್ಟು ಕಲಿಸ್ಯಾರೆ." ಸೀಮೆಸುಣ್ಣ ಕೆಳಗಿಟ್ಟಳು. "ನಿನ್ನೆ ನೀವಿಬ್ರೂ ಸುಮ್ನಾಗ್ಲಿಲ್ಲ ಸರ್. ನಾನು ಕಾಯ್ತಾ ಕುಂತಿದ್ದೆ."

ಕೆಳಗಿನ ಅಂಗಡಿಯಲ್ಲಿ ಯಾರೋ ಸೀನಿದರು. ಬಸವರಾಜ್ ಸರ್ ಹಲಗೆಯ ಹತ್ತಿರ ಬಂದು ಡಬ್ಬಿಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಹೇಳಿದರು, "ಆ ಇನ್ನೊಬ್ರನ್ನೂ ಕರೆಸಿ ನೋಡ್ಬೇಕ್ರಿ ಮೇಡಂ, ಅದು ನ್ಯಾಯ. ಆದ್ರೆ ಈ ಗೆರೆ ಅಳಿಸ್ಬ್ಯಾಡ್ರಿ, ಹಂಗೇ ಇರ್ಲಿ."

ಬುಧವಾರ ಫೋನ್ ಬಂತು. ನಾನೇ ಎತ್ತಿದೆ, ಸೋಮವಾರದಿಂದ ಮೋಡೆಮ್ಮಿನ ತಂತಿಯನ್ನು ಅವ್ವ ಅಕ್ಕಿ ಡಬ್ಬಿಯಲ್ಲಿಟ್ಟಿದ್ದಳು. ಕಾಂಪೌಂಡಿನ ಹತ್ತಿರ ನಿಂತು ನಾನು ಹಾಕಿದ ಕೂಗಿಗೆ ಶೈಲಕ್ಕ ಮಾತ್ರವಲ್ಲ, ಬೀದಿಯೇ ಓಡಿ ಬಂತು.

ಕೆಲಸಕ್ಕೆ ಸೇರಿದ ವಾರದ ಕೊನೆಯಲ್ಲಿ ಅವಳು ಹರಿಹರದಿಂದ ಬಂದವಳು ನೇರ ನಮ್ಮ ಮನೆಗೇ ಬಂದಳು. ಬೆರಳ ತುಂಬ ಸೀಮೆಸುಣ್ಣ. ಅವ್ವ ಕಾಫಿ ಕೊಟ್ಟಳು, ನನಗೂ ಕೊಟ್ಟಳು. ಪಾಠ ಹೇಗೆ ನಡೆದಿದೆ ಎಂದು ಕೇಳಿದೆ.

"ಇವತ್ತು ಇಂಟರ್‌ನೆಟ್ ತೋರಿಸ್ದೆ ಕಣೋ. ಹಿಂದಿನ ಬೆಂಚಿನಾಗೆ ಒಬ್ಳು ಕೇಳಿದ್ಳು, ಆ ಕಡೆ ಯಾರಿರ್ತಾರೆ ಮಿಸ್ ಅಂತ. ಯಾರ್ ಬೇಕಾದ್ರೂ ಇರ್ಬಹುದಮ್ಮಾ, ನನಗೆ ಗೊತ್ತಿದ್ದ ಮಟ್ಟಿಗೆ ಮಾತ್ರ ಹರಿಹರದೋರೇ ಇರ್ತಾರೆ ಅಂದೆ." ಒಂದು ಗುಟುಕು ಕುಡಿದು ನನ್ನ ಕಡೆ ತಿರುಗಿದಳು. "ನಿನಗೂ ಅದೇ ಹೇಳೋದು. ಬೈಯೋದಿದ್ರೆ ಬೈಯಪ್ಪಾ, ನಿನಗೆ ಅದಿಲ್ದಿದ್ರೆ ಅನ್ನ ಕರಗಲ್ಲ. ಆದ್ರೆ ನಾಳೆ ಬಸ್ಸು ಹತ್ತಿ ಬೈಸ್ಕೊಂಡೋರ ಮನೀಗೆ ಹೋದ್ರೆ ಅವ್ರು ಒಂದು ಲೋಟ ನೀರು ಕೊಡಬೇಕು, ಅಷ್ಟು ಉಳಿಸ್ಕೊಂಡು ಬೈ."